ಮೊದಲ ಘಮಕ್ಕೆ ಮರುಳಾಗದೆ ಸೆಂಟು ಆರಿಸುವ ಬಗೆ

ಸೆಂಟು ಕೊಳ್ಳುವ ಮೊದಲು ನಿಮಗೆ ಯಾವ ಬಳಗದ ಪರಿಮಳ ಒಗ್ಗುತ್ತದೆ ಎಂದು ತಿಳಿದುಕೊಳ್ಳಿ. ಅದಕ್ಕೆ ಮೂಗಿಗೆ ಗೊತ್ತಿರುವ ವಾಸನೆಗಳೇ ಸಾಕು. ಇಂಡಿ ತಾಲೂಕಿನ ಲಿಂಬೆಯ ಸಿಪ್ಪೆ ಚಿವುಟಿದಾಗ ಸಿಡಿಯುವ ಎಣ್ಣೆ ಸಿಟ್ರಸ್ ಬಳಗಕ್ಕೆ ಸೇರಿದ್ದು. ಮಲ್ಲಿಗೆ, ಸುಗಂಧರಾಜ, ಸಂಪಿಗೆ ಹೂವಿನ ಬಳಗ. ಶ್ರೀಗಂಧ, ಲಾವಂಚ, ದೇವದಾರು ಕಟ್ಟಿಗೆಯವು. ಲೋಬಾನ, ವೆನಿಲ್ಲಾ, ದಾಲ್ಚಿನ್ನಿ ಸೇರಿದ ಬೆಚ್ಚನೆಯ ಸಿಹಿಗೆ ಅಂಬರ್ ಅನ್ನುತ್ತಾರೆ. ಗಂಡಸರ ಸೆಂಟುಗಳಲ್ಲಿ ಹೆಚ್ಚಾಗಿ ಕಾಣುವುದು ಫೂಜೇರ್: ಲ್ಯಾವೆಂಡರ್, ಓಕ್ ಮರದ ಮೇಲೆ ಬೆಳೆಯುವ ಕಲ್ಲುಹೂವು, ಜೊತೆಗೆ ಕೂಮರಿನ್. ಒಣಹುಲ್ಲಿಗೆ ಅದರ ಸಿಹಿವಾಸನೆ ಬರುವುದೂ ಈ ಕೂಮರಿನ್‌ನಿಂದಲೇ. 1882ರಲ್ಲಿ ಫ್ರಾನ್ಸಿನ ಹೂಬಿಗಾಂ ಕಂಪನಿಯು, ಪ್ರಯೋಗಾಲಯದಲ್ಲಿ ತಯಾರಾದ ಕೂಮರಿನ್ ಬಳಸಿ ಮಾಡಿದ ಫೂಜೇರ್ ರಾಯಲ್ ಎಂಬ ಸೆಂಟಿನಿಂದ ಈ ಬಳಗಕ್ಕೆ ಹೆಸರು ಬಂತು.

ಇನ್ನು ಹವೆ. ಏಪ್ರಿಲ್–ಮೇ ತಿಂಗಳಲ್ಲಿ ವಿಜಯಪುರ, ಬಾಗಲಕೋಟೆಯ ಬಿಸಿಲು 40 ಡಿಗ್ರಿ ದಾಟಿದಾಗ ಅಂಬರ್ ಸೆಂಟು ಮೈಯಿಂದ ಒಮ್ಮೆಲೇ ಎದ್ದು ಬಸ್ಸಿನಲ್ಲಿ ಪಕ್ಕದವರ ತಲೆ ಹಿಡಿಸುತ್ತದೆ. ಆಗ ಸಿಟ್ರಸ್, ಲಾವಂಚ, ತೆಳು ಹೂವಿನವು ಚೆಂದ. ಬೆಳಗಾವಿಯ ಮಳೆಗಾಲಕ್ಕೂ ಡಿಸೆಂಬರ್ ಚಳಿಗೂ ಅಂಬರ್, ಗಂಧ ಹೊಂದುತ್ತವೆ. ಬಾಟಲಿ ಮೇಲಿನ ಬರಹವನ್ನೂ ನೋಡಿ. ಸಾಮಾನ್ಯವಾಗಿ ಓ ದ ಟ್ವಾಲೆಟ್‌ನಲ್ಲಿ 5–15, ಓ ದ ಪರ್ಫಮ್‌ನಲ್ಲಿ 15–20 ಶೇಕಡಾ ಸುಗಂಧ ಇರುತ್ತದೆ. ಉಳಿದದ್ದು ಬಹುತೇಕ ಆಲ್ಕೋಹಾಲ್. ಅತ್ತರಿನಲ್ಲಿ ಆಲ್ಕೋಹಾಲ್ ಇರುವುದಿಲ್ಲ. ಅದು ದೂರಕ್ಕೆ ಹರಡದೆ ಮೈಗೆ ಅಂಟಿಕೊಂಡೇ ಇರುತ್ತದೆ, ಮಣಿಕಟ್ಟಿಗೆ ಒಂದು ಹನಿ ಸಾಕು. ಶ್ರೀಗಂಧದ ಎಣ್ಣೆಯ ಮೇಲೆ ಇಳಿಸಿದ ಅಸಲಿ ಅತ್ತರು ದುಬಾರಿ. ಅಗ್ಗಕ್ಕೆ ಸಿಗುವುದು ಬೇರೆ ಎಣ್ಣೆಗೆ ಸುಗಂಧ ಬೆರೆಸಿದ್ದು ಎಂದೇ ತಿಳಿಯಿರಿ.

ಪರೀಕ್ಷೆಯಲ್ಲಿ ಅವಸರ ಬೇಡ, ಹೆಚ್ಚು ಜನ ಎಡವುವುದು ಇಲ್ಲಿಯೇ. ಕಾಗದದ ಪಟ್ಟಿಗೆ ಒಮ್ಮೆ ಹೊಡೆದು, ಆಲ್ಕೋಹಾಲ್ ಹಾರಲು ಅರ್ಧ ನಿಮಿಷ ಬಿಟ್ಟು ಮೂಸಿ. ಹಿಡಿಸಿದ ಎರಡನ್ನು ಮಾತ್ರ ಒಂದೊಂದು ಮಣಿಕಟ್ಟಿಗೆ ಹಾಕಿಕೊಂಡು ಅಂಗಡಿಯಿಂದ ಹೊರಬನ್ನಿ. ಮಣಿಕಟ್ಟು ಉಜ್ಜಬೇಡಿ, ಬಿಸಿಗೆ ಮೇಲಿನ ಘಮ ಬೇಗ ಹಾರುತ್ತದೆ. ಅಂಗಡಿಯಲ್ಲಿ ಮನಸೆಳೆಯುವ ಮೊದಲ ಘಮದ ಆಯುಸ್ಸು ಹದಿನೈದು ನಿಮಿಷ. ನಡುವಿನದು ಎರಡು–ಮೂರು ತಾಸು, ಆಮೇಲೆ ತಳದ ಗಂಧ, ಕಸ್ತೂರಿ ಉಳಿಯುತ್ತವೆ. ದಿನವಿಡೀ ನಿಮ್ಮ ಜೊತೆಗಿರುವುದು ಇದೇ, ಆದ್ದರಿಂದ ನಾಲ್ಕನೇ ತಾಸಿಗೆ ಮೂಸಿ ತೀರ್ಮಾನಿಸಿ. ಮೂಗು ದಣಿದರೆ ಕಾಫಿಬೀಜ ಮೂಸುವುದಕ್ಕಿಂತ ಬಯಲಿಗೆ ಹೋಗುವುದು ಮೇಲು. ಮೊದಲಿಗೆ 5 ಅಥವಾ 10 ಮಿಲಿಯದನ್ನೇ ಕೊಂಡು, ಬಿಸಿಲಲ್ಲಿ ಓಡಾಡುವ ದಿನವೂ ಹಾಕಿ ನೋಡಿ.

ಸ್ನಾನದ ನಂತರ ಒಣಚರ್ಮಕ್ಕೆ ವಾಸನೆಯಿಲ್ಲದ ವ್ಯಾಸಲೀನ್ ತುಸು ಸವರಿ, ಒಂದು ಗೇಣು ದೂರದಿಂದ ಎರಡು ಸಲ ಹೊಡೆಯಿರಿ. ಸ್ವಲ್ಪ ಹೊತ್ತಿಗೆ ನಿಮಗೇ ವಾಸನೆ ಬರದಂತಾದರೆ ಮೂಗು ಒಗ್ಗಿಕೊಂಡಿದೆ ಎಂದರ್ಥ. ಕೆಲವರಿಗಂತೂ ಕೆಲವು ಕೃತಕ ಕಸ್ತೂರಿಗಳು ಹುಟ್ಟಾ ತಿಳಿಯುವುದಿಲ್ಲ. ಮತ್ತೆ ಹೊಡೆಯುವ ಮುಂಚೆ ಮನೆಯವರನ್ನು ಕೇಳಿ. ಇಳಕಲ್ ಸೀರೆಯ ರೇಷ್ಮೆ ಸೆರಗಿಗೆ ನೇರ ಹೊಡೆದರೆ ಕಲೆ ಬೀಳಬಹುದು, ಅತ್ತರಿನದಂತೂ ಹೋಗುವುದು ಕಷ್ಟ. ಉಡುವ ಮೊದಲೇ ಮೈಗೆ ಹಾಕಿಕೊಂಡು ಆರಲು ಬಿಡಿ.

ಬಾಟಲಿಯನ್ನು ಕಪಾಟಿನ ಕತ್ತಲೆಯಲ್ಲಿ ಇಡಿ. ಕಿಟಕಿ, ಬಚ್ಚಲು, ಬಿಸಿಲಲ್ಲಿ ನಿಲ್ಲಿಸಿದ ಕಾರು ಬೇಡವೇ ಬೇಡ. ವೆನಿಲ್ಲಾ ಇದ್ದದ್ದು ಕಂದು ಬಣ್ಣಕ್ಕೆ ತಿರುಗಿದರೆ ಹೆದರಬೇಡಿ. ಮೊದಲ ಘಮವೇ ಹುಳಿಯಾಗಿದ್ದರೆ ಅದು ಕೆಟ್ಟಿದೆ.