ಮರಳು ತಟ್ಟೆ ಇಟ್ಟು ಇಲಿಗಳ ಭಯ ಅಳೆದೆ: ನನ್ನ ಅನುಭವ

ಕ್ಯಾಮೆರಾ ಟ್ರ್ಯಾಪ್ (ಪ್ರಾಣಿ ಎದುರು ಬಂದರೆ ತಾನಾಗೇ ಫೋಟೋ ತೆಗೆಯುವ ಕ್ಯಾಮೆರಾ) ಇಲ್ಲದೆ ಕಾಡಿನ ಇಲಿ ಎಲ್ಲಿ ಹೆದರುತ್ತದೆ ಅಂತ ತಿಳಿಯೋಕಾಗಲ್ಲ, ತಟ್ಟೆ ಇಟ್ಟುಕೊಂಡು ಏನು ಮಾಡ್ತೀಯ ಅಂತ ನಕ್ಕವರೇ ಜಾಸ್ತಿ. ಕೆಲಸ ಆಯಿತು, ಅದಕ್ಕೇ ಬರೆಯುತ್ತಿದ್ದೇನೆ.

ಶುರುವಿನಲ್ಲಿ ನಾನೂ ಕ್ಯಾಮೆರಾಗೇ ದುಡ್ಡು ಸುರಿದೆ. ಮುಕ್ಕಾಲು ಪಾಲು ಅಲ್ಲೇ ಹೋಯಿತು, ಮಿಕ್ಕಿದ್ದನ್ನು ಬ್ಯಾಟರಿ ನುಂಗಿತು. ಒಂದೆರಡು ಕಳವಾದವು, ಒಂದರೊಳಗೆ ಇರುವೆ ಸಂಸಾರ ಹೂಡಿತ್ತು. ಅರ್ಧಕ್ಕಿಂತ ಜಾಸ್ತಿ ಫೋಟೋ ಬರೀ ಅಲ್ಲಾಡುವ ಹುಲ್ಲು. ಇಲಿ ಎಲ್ಲಿ ಓಡಾಡುತ್ತದೆ ಅಂತ ಗೊತ್ತಾಯಿತು, ಎಲ್ಲಿ ಹೆದರುತ್ತದೆ ಅನ್ನೋದು ಗೊತ್ತಾಗಲಿಲ್ಲ.

ಆಮೇಲೆ ಪರಿಸರ ವಿಜ್ಞಾನಿ ಜೋಯಲ್ ಬ್ರೌನ್ 1988ರಲ್ಲಿ ಬರೆದ ವಿಧಾನಕ್ಕೆ ಬಂದೆ. ಮರಳಿನಲ್ಲಿ ಕಾಳು ಬೆರೆಸಿ ಇಡಬೇಕು, ಬೆಳಿಗ್ಗೆ ಜರಡಿ ಹಿಡಿದು ಉಳಿದದ್ದನ್ನು ತೂಗಬೇಕು. ಹೆದರಿದ ಇಲಿ ಪೂರ್ತಿ ಕೆದಕದೆ ಬೇಗ ಬಿಟ್ಟು ಹೋಗುತ್ತದೆ, ಹಾಗಾಗಿ ಕಾಳು ಜಾಸ್ತಿ ಉಳಿದರೆ ಅಲ್ಲಿ ಭಯ ಜಾಸ್ತಿ. ಒಂದು ಕ್ಯಾಮೆರಾದ ದುಡ್ಡಿಗೆ ಹೊರಲಾರದಷ್ಟು ತಟ್ಟೆ ಬರುತ್ತವೆ.

ಸುಲಭ ಅಂದುಕೊಳ್ಳಬೇಡಿ. ಮಳೆ ಬಂದರೆ ಆ ರಾತ್ರಿ ಲೆಕ್ಕಕ್ಕಿಲ್ಲ. ಬೆಳಕು ಹರಿಯುವ ಮೊದಲೇ ತಟ್ಟೆ ಎತ್ತದಿದ್ದರೆ ಹಕ್ಕಿಗಳು ಮುಗಿಸುತ್ತವೆ. ಹಂದಿ ಬಂದರೆ ತಟ್ಟೆಯನ್ನೇ ಹುಡುಕಬೇಕು. ಇರುವೆ ತಡೆಯಲು ಒಂದು ಉಪಾಯ ಮಾಡಿದ್ದೇನೆ, ಅದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ!

ಬಯಲು, ಪೊದೆಯ ಅಂಚು, ಪೊದೆಯ ನಡುವೆ, ಹೀಗೆ ಮೂರು ಕಡೆ ಇಟ್ಟೆ. ಸುಮಾರು 3 ಗ್ರಾಂ ಹಾಕಿದರೆ ಬಯಲಿನಲ್ಲಿ 2 ಗ್ರಾಂ ಹತ್ತಿರ ಉಳಿಯುತ್ತಿತ್ತು, ಬೆಳದಿಂಗಳಿದ್ದರೆ ಇನ್ನೂ ಜಾಸ್ತಿ. ಅಂಚಿನಲ್ಲಿ 1 ಗ್ರಾಂ ಕೂಡ ಇರುತ್ತಿರಲಿಲ್ಲ. ಪೊದೆಯೊಳಗೆ ಪೂರ್ತಿ ಖಾಲಿಯಾಗಬೇಕು ಅಲ್ವಾ? ಚಳಿಗಾಲದಲ್ಲಿ ಹಾಗೇ ಆಯಿತು. ಸೆಕೆ ಶುರುವಾದ ಮೇಲೆ ಅಲ್ಲೂ ಕಾಳು ಉಳಿಯತೊಡಗಿತು, ಯಾಕೆಂದರೆ ಅಷ್ಟರಲ್ಲಿ ಹಾವುಗಳು ಓಡಾಡಲು ಶುರು ಮಾಡಿದ್ದವು. ಬಯಲಿಗೆ ಬಂದರೆ ಗೂಬೆ, ಪೊದೆಗೆ ನುಗ್ಗಿದರೆ ಹಾವು. ಕಾಡು ದಟ್ಟವಾದಷ್ಟೂ ಬಲಿಪ್ರಾಣಿಗೆ ಕ್ಷೇಮ ಅನ್ನುವ ಮಾತನ್ನು ನಾನು ಅಂದೇ ಬಿಟ್ಟೆ. ಬಯಲು, ಪೊದೆ, ಹುಲ್ಲು ಪಕ್ಕಪಕ್ಕ ಇದ್ದರೆ ಇಲಿ ಋತು ನೋಡಿ, ಚಂದ್ರನನ್ನು ನೋಡಿ ಜಾಗ ಬದಲಿಸಬಹುದು. ಎಲ್ಲಾ ಕಡೆ ಒಂದೇ ಥರ ಪೊದೆ ಇದ್ದರೆ ಎಲ್ಲಿಗೆ ಹೋಗುತ್ತದೆ?

ಸುಮ್ನೆ ಕುತೂಹಲಕ್ಕೆ ಬಯಲಿನ ತಟ್ಟೆಗಳ ಮೇಲೆ ಒಣ ಕೊಂಬೆ ಹರಡಿದೆ. ಕೆಲವೇ ರಾತ್ರಿಗಳಲ್ಲಿ ಕಾಳು ಖಾಲಿಯಾಗತೊಡಗಿತು. ಕೊಂಬೆ ತೆಗೆದೆ, ಮತ್ತೆ ಮೊದಲಿನ ಹಾಗೆ. ಇನ್ನೊಂದು ಸಲ ನರಿಯ ಮೂತ್ರ ತಂದು ಚಿಮುಕಿಸಿದೆ, ಅದಕ್ಕೆ ಒಳ್ಳೇ ದುಡ್ಡೂ ಕೊಟ್ಟೆ. ಇಲಿಗಳು ಕ್ಯಾರೇ ಅನ್ನಲಿಲ್ಲ. ಅವಕ್ಕೆ ವಾಸನೆಗಿಂತ ತಲೆ ಮೇಲಿನ ಮರೆಯೇ ಮುಖ್ಯ ಅಂತ ಕಾಣುತ್ತದೆ.

ನೀವು ಮಾಡುವುದಾದರೆ ಮೊದಲ ವಾರದ ತೂಕ ಎಲ್ಲಾ ಬಿಸಾಕಿ. ಇಲಿಗಳಿಗೆ ತಟ್ಟೆಯ ಪರಿಚಯ ಆಗಬೇಕು.