ಪಂಚಾಯಿತಿಯವರನ್ನೂ ಗಂಜ್‌ನ (ಮಾರುಕಟ್ಟೆಯ) ವ್ಯಾಪಾರಿಗಳನ್ನೂ ಒಟ್ಟಿಗೆ ಕೂರಿಸುವುದು ಹೇಗೆ?

ನಾನು ಕಲಬುರಗಿ ಜಿಲ್ಲೆಯ ಸೇಡಂ ಕಡೆಯ ತೊಗರಿ ವ್ಯಾಪಾರಿ. ವೈಜನಾಥ ಪಾಟೀಲರಂಥವರು ವರ್ಷಗಟ್ಟಲೆ ಹೋರಾಡಿದ ಮೇಲೆ, ಸಂವಿಧಾನದ 98ನೇ ತಿದ್ದುಪಡಿಯಿಂದ ನಮ್ಮ ಕಲ್ಯಾಣ ಕರ್ನಾಟಕ ಭಾಗಕ್ಕೆ ವಿಶೇಷ ಸ್ಥಾನ ಕೊಡುವ 371ಜೆ ವಿಧಿ ಬಂತು. ಅದರಡಿಯ ಅಭಿವೃದ್ಧಿ ಮಂಡಳಿ ಕಲಬುರಗಿಯಲ್ಲೇ ಕೂತಿದೆ, ಬಜೆಟ್‌ನಲ್ಲಿ ಸಾವಿರಾರು ಕೋಟಿ ಇಡುತ್ತಾರೆ. ಆದರೆ ಬೆಂಗಳೂರಿನಿಂದ ಕಲಬುರಗಿಗೆ ಬಂದ ಅಧಿಕಾರ ಅಲ್ಲೇ ನಿಂತರೆ ಹಳ್ಳಿಗೆ ಏನು ಸಿಕ್ಕಂತಾಯ್ತು?

ಜಿಲ್ಲಾ ಯೋಜನಾ ಸಮಿತಿಯಲ್ಲಿ ಐದರಲ್ಲಿ ನಾಲ್ಕು ಪಾಲು ಸದಸ್ಯರು ಜಿಲ್ಲಾ ಪಂಚಾಯಿತಿ, ಪುರಸಭೆ, ನಗರಸಭೆಗಳಲ್ಲಿ ಗೆದ್ದವರೇ ಇರಬೇಕು ಎನ್ನುತ್ತದೆ ಸಂವಿಧಾನ. ಆದರೆ 2016ರಲ್ಲಿ ಗೆದ್ದ ಜಿಲ್ಲಾ, ತಾಲೂಕು ಪಂಚಾಯಿತಿ ಸದಸ್ಯರ ಅವಧಿ 2021ಕ್ಕೇ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ. ಹಳ್ಳಿಗೂ ಶಾಸಕರಿಗೂ ನಡುವೆ ಮಾತಾಡುವವರು ಇಲ್ಲವಾದರು. ಅದಕ್ಕೇ ತಾಲೂಕಿನಲ್ಲಿ ನಮ್ಮದೇ ಒಂದು ಕೂಟ ಬೇಕು.

ಇಡೀ ತಾಲೂಕನ್ನು ಒಮ್ಮೆಲೇ ಕರೆಯಬೇಡಿ. ಅಕ್ಕಪಕ್ಕದ ಮೂರ್ನಾಲ್ಕು ಗ್ರಾಮ ಪಂಚಾಯಿತಿ ಸಾಕು. ಹಾಲಿ ಸದಸ್ಯರು, ಮಾಜಿಗಳು, ಇಬ್ಬರು ಅಡತಿಯವರು (ಗಂಜ್‌ನ ಕಮಿಷನ್ ಏಜೆಂಟರು), ಒಬ್ಬ ದಾಲ್ ಮಿಲ್ ಮಾಲೀಕ, ಒಬ್ಬ ಲಾರಿಯವನು, ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರು. ಪಂಚಾಯಿತಿಯಲ್ಲಿ ಅರ್ಧ ಸೀಟು ಹೆಂಗಸರದು. ಕರೆ ಅವರಿಗೇ ಹೋಗಬೇಕು, ಗಂಡನ ಫೋನಿಗಲ್ಲ. ಅವರು ಬಂದ ಸಭೆಯಲ್ಲಿ ನೀರಿನ ಮಾತು, ಅಂಗನವಾಡಿಯ ಮಾತು ಮೊದಲು ಬರುತ್ತದೆ. ಗಂಡಸರೇ ಕೂತರೆ ರಸ್ತೆ, ಸಿಸಿ ಡ್ರೈನ್ ಬಿಟ್ಟು ಮುಂದೆ ಹೋಗುವುದಿಲ್ಲ.

ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇಲ್ಲ. ಕೂಟದಲ್ಲೂ ಬೇಡ. ಗುತ್ತಿಗೆದಾರರನ್ನಂತೂ ಸೇರಿಸಲೇಬೇಡಿ, ಎಷ್ಟೇ ಒಳ್ಳೆಯವರಾಗಿರಲಿ. ಕೆಲಸ ಕೇಳುವವನೂ ಬಿಲ್ ಎತ್ತುವವನೂ ಒಬ್ಬನೇ ಆದರೆ ಊರವರ ನಂಬಿಕೆ ಅಂದೇ ಹೋಗುತ್ತದೆ. ಚಂದಾ ಕೂಡ ಎತ್ತಬೇಡಿ. ಪ್ರತಿ ಸಲ ಬೇರೆ ಊರಲ್ಲಿ ಕೂಡಿ, ಆ ಊರವರು ಚಹಾ ಕೊಡಲಿ, ಅಷ್ಟೇ.

ಮೊದಲ ವರ್ಷ ಒಂದೇ ಕೆಲಸ ಹಿಡಿಯಿರಿ. ರೈತನಿಗೂ ವ್ಯಾಪಾರಿಗೂ ಇಬ್ಬರಿಗೂ ನೋವಾಗುವ ಕೆಲಸವೇ ಆಗಿರಲಿ. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ, ಅಂದರೆ ಊರಿನ ಹೆಸರಿನ ಗುರುತು (ಭೌಗೋಳಿಕ ಸೂಚಕ), ಸಿಕ್ಕಿತು. ಹೆಸರು ಬಂತು ಸರಿ, ಆದರೆ ರಾಶಿ ಮಾಡಿದ ತೊಗರಿ ಇಡಲು ಊರಲ್ಲಿ ಗೋದಾಮು ಇಲ್ಲದಿದ್ದರೆ ರೈತ ಬಂದ ದರಕ್ಕೆ ಮಾರುತ್ತಾನೆ. ಎಲ್ಲರದೂ ಒಂದೇ ವಾರ ಗಂಜ್‌ಗೆ ಬಂದು ಬಿದ್ದರೆ ದರವೂ ಬೀಳುತ್ತದೆ. ನಾನು ಕೊಳ್ಳುವವನು, ಆದರೂ ಹೇಳುತ್ತೇನೆ: ರೈತನ ಕೈಯಲ್ಲಿ ದುಡ್ಡಿಲ್ಲದ ಊರಲ್ಲಿ ಯಾವ ಅಂಗಡಿಯೂ ನಡೆಯುವುದಿಲ್ಲ. ನಾಲ್ಕು ಪಂಚಾಯಿತಿಗೆ ಸೇರಿ ಒಂದು ಗೋದಾಮು ಕೇಳುವುದು ಒಳ್ಳೆಯ ಶುರು.

ಕೇಳುವುದು ಬಾಯಿ ಮಾತಲ್ಲಿ ಅಲ್ಲ. ಕಾನೂನಿನ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಆಗಬೇಕು. ನಾಲ್ಕೂ ಕಡೆ ಒಂದೇ ಒಕ್ಕಣೆಯ ಠರಾವು ಮಾಡಿಸಿ. ಜಾಗದ ಸರ್ವೆ ನಂಬರ್ ಅದರಲ್ಲೇ ಇರಲಿ. ಪಿಡಿಒ ಸಹಿ ಇರುವ ನಕಲು ಅವತ್ತೇ ತೆಗೆದುಕೊಳ್ಳಿ, ನಾಳೆ ಎಂದರೆ ಅದು ಸಿಗುವುದಿಲ್ಲ. ಜಾಗದ ತಕರಾರು ಇದ್ದರೆ ಮೊದಲು ತಹಶೀಲ್ದಾರರ ಹತ್ತಿರ ಹೋಗಿ. ಇಲ್ಲದಿದ್ದರೆ ಮಂಜೂರಾದ ದುಡ್ಡೂ ವಾಪಸ್ ಹೋಗುತ್ತದೆ.

ಶಾಸಕರ ಹತ್ತಿರ ಹೋಗುವುದು ಇಷ್ಟಾದ ಮೇಲೆ. ಅವರ ಕ್ರಿಯಾ ಯೋಜನೆ, ಅಂದರೆ ಕಾಮಗಾರಿಗಳ ಪಟ್ಟಿ, ತಯಾರಾಗುವ ಮುಂಚೆ ಹೋಗಿ, ಪಟ್ಟಿ ಮಂಡಳಿಗೆ ಹೋದ ಮೇಲೆ ಸುಮ್ನೆ ಓಡಾಟ. ವ್ಯಾಪಾರಿಗಳಷ್ಟೇ ಹೋದರೆ ಸ್ವಂತ ಲಾಭಕ್ಕೆ ಬಂದಿದ್ದಾರೆ ಅನ್ನಿಸುತ್ತದೆ, ಸದಸ್ಯರಷ್ಟೇ ಹೋದರೆ ಪಕ್ಷ ನೋಡುತ್ತಾರೆ. ಇಬ್ಬರೂ ಸೇರಿ, ನಾಲ್ಕು ಠರಾವು ಹಿಡಿದು ಹೋಗಿ. ಅದೇ ಕಾಗದದ ಒಂದು ಪ್ರತಿ ಕಲಬುರಗಿಯ ವಾಣಿಜ್ಯ ಮತ್ತು ಕೈಗಾರಿಕಾ ಸಂಸ್ಥೆಗೂ ಕೊಡಿ. ಮಂಡಳಿಯ ಮುಂದೆ ಅವರ ದನಿ ನಮಗಿಂತ ಜಾಸ್ತಿ ದೂರ ಹೋಗುತ್ತದೆ.

ಎರಡು ತಿಂಗಳಾದರೂ ಉತ್ತರ ಬರಲಿಲ್ಲವೇ? 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ. 30 ದಿನದಲ್ಲಿ ಉತ್ತರ ಕೊಡಬೇಕು. ಜಗಳದ ದನಿ ಬೇಡ, ಕಡತ ಯಾವ ಟೇಬಲ್ ಮೇಲಿದೆ ಎಂದಷ್ಟೇ ಕೇಳಿ.

ಚುನಾವಣೆ ಘೋಷಣೆಯಾದ ದಿನ ಸಭೆ ನಿಲ್ಲಿಸಿ. ಯಾರು ಯಾರ ಪರ ಬೇಕಾದರೂ ದುಡಿಯಲಿ, ಕೂಟದ ಹೆಸರು ಮಾತ್ರ ಯಾವ ವೇದಿಕೆಯಲ್ಲೂ ಬರಬಾರದು. ಫಲಿತಾಂಶ ಬಂದ ಮೇಲಿನ ಮೊದಲ ಸಭೆಗೆ ಗೆದ್ದವರನ್ನೂ ಸೋತವರನ್ನೂ ನೀವೇ ಮನೆಗೆ ಹೋಗಿ ಕರೆಯಿರಿ, ಸೋತವರ ಮನೆಗೆ ಮೊದಲು.