ಐಎಸ್‌ಒ ಕಮ್ಮಿ ಇದ್ದರೆ ಗ್ರೇನ್ ಕಮ್ಮಿನಾ? ನಾಲ್ಕು ಕಪ್ಪು ಬಿಳುಪು ಫಿಲ್ಮ್‌ಗಳ ಜೊತೆ ನನ್ನ ಅನುಭವ

ಬಂಡೆ ಫೋಟೊ ತೆಗೆಯುವವರಿಗೆ ಗ್ರೇನ್, ಅಂದರೆ ಪ್ರಿಂಟ್‌ನಲ್ಲಿ ಕಾಣುವ ಫಿಲ್ಮಿನ ತರಿ, ಒಂದು ವಿಚಿತ್ರ ತಲೆನೋವು. ಗ್ರಾನೈಟ್ ಕಲ್ಲಿಗೆ ತನ್ನದೇ ತರಿ ಇರುತ್ತದೆ, ಫಿಲ್ಮಿಗೂ ಇರುತ್ತದೆ. 35 ಎಂಎಂ ನೆಗೆಟಿವ್‌ನಿಂದ 12×16 ಇಂಚಿನ ಪ್ರಿಂಟ್ ಮಾಡಿದರೆ ಯಾವುದು ಕಲ್ಲಿನದು, ಯಾವುದು ಫಿಲ್ಮಿನದು ಅಂತ ಗೊತ್ತಾಗುವುದೇ ಇಲ್ಲ. ನಾನು ರಾಮನಗರ, ಸಾವನದುರ್ಗದ ಕಡೆ ಹೆಚ್ಚಾಗಿ ಬಂಡೆಗಳನ್ನೇ ತೆಗೆಯುವುದು. ಹಾಗಾಗಿ ಗ್ರೇನ್ ಕಮ್ಮಿ ಇರುವ ಫಿಲ್ಮ್ ಹುಡುಕುವುದು ನನಗೆ ಶೋಕಿಯಲ್ಲ, ಬೇಕೇ ಬೇಕಾದ ಕೆಲಸ.

ಹೋಲಿಸಿ ನೋಡಿದ್ದು ನಾಲ್ಕು: ಇಲ್‌ಫರ್ಡ್ ಪ್ಯಾನ್ ಎಫ್ ಪ್ಲಸ್, ಇಲ್‌ಫರ್ಡ್ ಡೆಲ್ಟಾ 100, ಕೊಡಾಕ್ ಟಿ-ಮ್ಯಾಕ್ಸ್ 100, ಫ್ಯೂಜಿ ಅಕ್ರೋಸ್ II. ಮೊದಲನೆಯದು ಐಎಸ್‌ಒ (ಫಿಲ್ಮ್ ಬೆಳಕು ಹಿಡಿಯುವ ವೇಗ) 50, ಉಳಿದ ಮೂರೂ 100. ಒಂದೇ ಕ್ಯಾಮೆರಾ, ಒಂದೇ 50 ಎಂಎಂ ಲೆನ್ಸ್, ಎಫ್/8, ಟ್ರೈಪಾಡ್. ಡೆವಲಪರ್ (ಫಿಲ್ಮಿನಲ್ಲಿ ಚಿತ್ರ ಮೂಡಿಸುವ ದ್ರಾವಣ) ಎಲ್ಲಕ್ಕೂ ಡಿ-76, ಒಂದಕ್ಕೆ ಒಂದು ನೀರು ಬೆರೆಸಿ, 20 ಡಿಗ್ರಿಯಲ್ಲಿ. ಬೆಂಗಳೂರಿನ ಬೇಸಿಗೆಯಲ್ಲಿ ನಲ್ಲಿ ನೀರು 20 ಡಿಗ್ರಿ ಎಲ್ಲಿಂದ ಬರಬೇಕು? ದೊಡ್ಡ ಟಬ್ಬಿನಲ್ಲಿ ಐಸ್ ಹಾಕಿ, ಡೆವಲಪರ್, ಫಿಕ್ಸರ್ (ಮೂಡಿದ ಚಿತ್ರವನ್ನು ಉಳಿಸುವ ದ್ರಾವಣ), ತೊಳೆಯುವ ನೀರು ಎಲ್ಲವನ್ನೂ ಅದರಲ್ಲೇ ಇಟ್ಟುಕೊಳ್ಳಬೇಕು. ಡೆವಲಪರ್ ಮಾತ್ರ ತಣ್ಣಗಿದ್ದು ತೊಳೆಯುವ ನೀರು ಬೆಚ್ಚಗಿದ್ದರೆ ಗ್ರೇನ್ ಒರಟಾಗುವ ಅಪಾಯ ಇದೆ. ಆಮೇಲೆ ತಪ್ಪು ಹಾಕುವುದು ಫಿಲ್ಮಿನ ಮೇಲೆ! ಕೊನೆಯ ಜಾಲಾಟಕ್ಕೆ ಡಿಸ್ಟಿಲ್ಡ್ ವಾಟರ್. ಬೋರ್‌ವೆಲ್ ನೀರಿನಲ್ಲಿ ಜಾಲಿಸಿ ಒಣಗಿಸಿದರೆ ಬರುವ ಬಿಳಿ ಕಲೆ ನೋಡಿದವರಿಗೆ ಬೇರೆ ಹೇಳಬೇಕಾಗಿಲ್ಲ.

ನೋಡಿದ್ದು ಪ್ರಿಂಟ್‌ನಲ್ಲಿ, ಸ್ಕ್ಯಾನ್‌ನಲ್ಲಿ ಅಲ್ಲ. ಸಾಧಾರಣ ಸ್ಕ್ಯಾನರ್ ಇಲ್ಲದ ಗ್ರೇನನ್ನೂ ಹುಟ್ಟಿಸುತ್ತದೆ, ಅದರ ಮೇಲೆ ಸಾಫ್ಟ್‌ವೇರ್ ಶಾರ್ಪನಿಂಗ್ ಬೇರೆ. ಪ್ರಿಂಟ್‌ನಲ್ಲಿ ಮೊದಲು ನೋಡಬೇಕಾದ ಜಾಗ ಬಂಡೆಯಲ್ಲ, ಅದರ ಹಿಂದಿನ ಆಕಾಶ. ಏನೂ ಇಲ್ಲದ ನಡು ಬೂದು ಬಣ್ಣದಲ್ಲಿ ಗ್ರೇನ್‌ಗೆ ಬಚ್ಚಿಟ್ಟುಕೊಳ್ಳಲು ಜಾಗವೇ ಇರುವುದಿಲ್ಲ.

ನಮ್ಮಲ್ಲಿ ಹಳಬರಿಂದ ಬಂದ ಲೆಕ್ಕ ಒಂದಿದೆ: ಐಎಸ್‌ಒ ಕಮ್ಮಿಯಾದಷ್ಟೂ ಗ್ರೇನ್ ಕಮ್ಮಿ. ಆ ಲೆಕ್ಕದಲ್ಲಿ ಪ್ಯಾನ್ ಎಫ್ ಗೆಲ್ಲಬೇಕು. ನನ್ನ ಪ್ರಿಂಟ್‌ಗಳಲ್ಲಿ ಗೆಲ್ಲಲಿಲ್ಲ. ಆಕಾಶ ಅತಿ ನುಣ್ಣಗೆ ಬಂದದ್ದು ಟಿ-ಮ್ಯಾಕ್ಸ್‌ನಲ್ಲಿ. ಅಕ್ರೋಸ್ ಅದರ ಪಕ್ಕದಲ್ಲೇ ಇದೆ, ಎರಡನ್ನೂ ಬೇರೆ ಮಾಡಿ ಹೇಳಲು ನನಗೆ ಭೂತಗನ್ನಡಿ ಬೇಕಾಯಿತು. ಡೆಲ್ಟಾ ಒಂದು ಕೂದಲೆಳೆ ಹಿಂದೆ. ಪ್ಯಾನ್ ಎಫ್ ಕೊನೆಗೆ. ಕೆಟ್ಟದೇನಲ್ಲ, ಆದರೆ ಒಂದು ಸ್ಟಾಪ್ ವೇಗ, ಅಂದರೆ ಅರ್ಧ ವೇಗ, ಕಳೆದುಕೊಂಡದ್ದಕ್ಕೆ ಗ್ರೇನ್ ವಿಷಯದಲ್ಲಿ ಏನೂ ಸಿಗಲಿಲ್ಲ.

ಕಾರಣ ಬೆಳ್ಳಿ ಹರಳಿನ ಆಕಾರದಲ್ಲಿದೆ. ಹಳೇ ಕಾಲದ ಫಿಲ್ಮಿನ ಹರಳು ಗುಂಡಗೆ, ದಪ್ಪಗೆ ಇರುತ್ತದೆ. ಕೊಡಾಕ್ 1980ರ ದಶಕದಲ್ಲಿ ಟಿ-ಮ್ಯಾಕ್ಸ್ ತಂದಾಗ ಹರಳನ್ನು ಚಪ್ಪಟೆ ಮಾಡಿತು. ಅಕ್ಕಿಗೂ ಅವಲಕ್ಕಿಗೂ ಇರುವ ವ್ಯತ್ಯಾಸ ಅಂದುಕೊಳ್ಳಿ. ಇರುವಷ್ಟೇ ಬೆಳ್ಳಿ, ಆದರೆ ಬೆಳಕಿಗೆ ಒಡ್ಡುವ ಮೈ ಜಾಸ್ತಿ. ಹಾಗಾಗಿ ಚಿಕ್ಕ ಹರಳಿನಲ್ಲೇ ಐಎಸ್‌ಒ 100ರ ವೇಗ ಸಿಗುತ್ತದೆ. ಕೊಡಾಕ್ ಕೊಡುವ ಗ್ರೇನ್ ಅಳತೆ (ಕಮ್ಮಿಯಾದಷ್ಟೂ ನುಣುಪು) ಟಿ-ಮ್ಯಾಕ್ಸ್ 100ಕ್ಕೆ 8, ಅವರದೇ ಹಳೇ ಬಗೆಯ ಐಎಸ್‌ಒ 400 ಫಿಲ್ಮ್ ಟ್ರೈ-ಎಕ್ಸ್‌ಗೆ 17. ಪ್ಯಾನ್ ಎಫ್ ಇನ್ನೂ ಹಳೇ ಜಾತಿಯ ಹರಳು.

ಹಾಗಾದರೆ ಎಲ್ಲರೂ ಟಿ-ಮ್ಯಾಕ್ಸ್ ತಗೊಂಡರೆ ಆಯ್ತಲ್ವಾ? ಅಷ್ಟು ಸುಲಭ ಇಲ್ಲ. ಟಿ-ಮ್ಯಾಕ್ಸ್ ತುಂಬಾ ಕಟ್ಟುನಿಟ್ಟು. ಸಮಯ, ಶಾಖ ಸ್ವಲ್ಪ ಹೆಚ್ಚಿದರೂ ಬಿಸಿಲು ಬಿದ್ದ ಬಂಡೆಯ ನೆತ್ತಿ ನೆಗೆಟಿವ್‌ನಲ್ಲಿ ಗೋಡೆಯ ಹಾಗೆ ಕಪ್ಪಗಾಗಿ, ಪ್ರಿಂಟ್ ಮಾಡುವಾಗ ಬೆವರಿಳಿಸುತ್ತದೆ. ಫಿಕ್ಸರ್ ಕೂಡ ಜಾಸ್ತಿ ತಿನ್ನುತ್ತದೆ. ಒಣಗಿದ ಮೇಲೂ ಗಾಢ ಗುಲಾಬಿ ಛಾಯೆ ಉಳಿದರೆ ಫಿಕ್ಸರ್ ಸುಸ್ತಾಗಿದೆ ಅಥವಾ ಸಮಯ ಸಾಲದಾಗಿದೆ ಅಂತ ಅನುಮಾನಿಸಬೇಕು. ಡೆಲ್ಟಾ ನನ್ನ ಕೈಗೆ ಜಾಸ್ತಿ ಒಗ್ಗುತ್ತದೆ, ಡಿ-76 ಒಂದಕ್ಕೊಂದರಲ್ಲಿ 11 ನಿಮಿಷ, ಕಲ್ಲಿನ ಬಿರುಕು, ಮಳೆನೀರು ಇಳಿದ ಪಟ್ಟೆ ಎಲ್ಲ ಗರಿಗರಿಯಾಗಿ ಬರುತ್ತದೆ, ಗ್ರೇನ್‌ನಲ್ಲಿ ಆ ಕೂದಲೆಳೆ ಹಿಂದಿದ್ದರೂ ಇರಲಿ ಅನ್ನಿಸುತ್ತದೆ. ದಿನನಿತ್ಯಕ್ಕೆ ನಾನು ಇಟ್ಟುಕೊಂಡಿರುವುದು ಅದನ್ನೇ.

ಅಕ್ರೋಸ್ ಬೆಳಕು ಹರಿಯುವ ಮುಂಚಿನ ಹೊತ್ತಿಗೆ. ಬೇರೆ ಫಿಲ್ಮ್‌ಗಳಲ್ಲಿ ಎಕ್ಸ್‌ಪೋಶರ್ ಕೆಲವು ಸೆಕೆಂಡ್ ದಾಟಿದರೆ ಹೆಚ್ಚುವರಿ ಸಮಯ ಕೊಡುವ ಲೆಕ್ಕ ಶುರುವಾಗುತ್ತದೆ. ಇದರಲ್ಲಿ 120 ಸೆಕೆಂಡ್‌ವರೆಗೆ ಏನೂ ಸೇರಿಸಬೇಕಾಗಿಲ್ಲ, ಆಮೇಲೂ 1000 ಸೆಕೆಂಡ್‌ವರೆಗೆ ಅರ್ಧ ಸ್ಟಾಪ್ ಸಾಕು. ಇದಕ್ಕೆ ಕೆಂಪು ಬಣ್ಣ ಕಾಣುವುದು ಸ್ವಲ್ಪ ಕಮ್ಮಿ. ಕೆಂಪು ಫಿಲ್ಟರ್ ಹಾಕುವವರು ಮಾಮೂಲಿ ಲೆಕ್ಕಕ್ಕಿಂತ ಜಾಸ್ತಿ ಬೆಳಕು ಕೊಡಬೇಕು.

ಪ್ಯಾನ್ ಎಫ್ ಬಿಟ್ಟುಬಿಟ್ಟೆನಾ? ಇಲ್ಲ. ಮೋಡ ಮುಚ್ಚಿದ ದಿನ, ಕಾಂಟ್ರಾಸ್ಟ್ ಸತ್ತುಹೋದ ಬೆಳಕಿನಲ್ಲಿ ಅದು ಕೊಡುವ ಹೊಳಪು ಬೇರೆ ಮೂರರಲ್ಲೂ ನನಗೆ ಸಿಕ್ಕಿಲ್ಲ. ಆದರೆ ಅರ್ಧ ರೋಲ್ ತೆಗೆದು ಕ್ಯಾಮೆರಾದಲ್ಲೇ ಮರೆಯುವವರಿಗೆ ಇದು ಬೇಡ. ತೆಗೆದ ಚಿತ್ರ ಡೆವಲಪ್ ಆಗುವ ಮುಂಚೆಯೇ ಮಸುಕಾಗುತ್ತಾ ಹೋಗುತ್ತದೆ, ಮೂರು ತಿಂಗಳೊಳಗೆ ಡೆವಲಪ್ ಮಾಡಿ ಅಂತ ಇಲ್‌ಫರ್ಡ್ ತಾನೇ ಹೇಳುತ್ತದೆ.

ಇನ್ನೊಂದು ವಿಷಯ ಡೆವಲಪರ್‌ದು. ಇದೇ ಫಿಲ್ಮ್‌ಗಳನ್ನು ರೋಡಿನಾಲ್‌ನಲ್ಲಿ ಹಾಕಿದರೆ ಅಂಚು ಚುರುಕಾಗುತ್ತದೆ, ಗ್ರೇನ್ ಎದ್ದು ಕೂರುತ್ತದೆ. ಪರ್ಸೆಪ್ಟಾಲ್‌ನಲ್ಲಿ ಗ್ರೇನ್ ಕರಗುತ್ತದೆ, ಜೊತೆಗೆ ವೇಗವೂ ಹೋಗುತ್ತದೆ. ನೂರನ್ನು ಐವತ್ತು ಅಂತಲೇ ಲೆಕ್ಕ ಹಿಡಿಯಬೇಕು. ಆ ವೇಗದಲ್ಲಿ ಕಿತ್ತಳೆ ಫಿಲ್ಟರ್ ಸಹ ಹಾಕಿದರೆ ಇನ್ನೆರಡು ಸ್ಟಾಪ್ ಖೋತಾ, ಬಂಡೆ ಮೇಲಿನ ಹುಲ್ಲು ಗಾಳಿಗೆ ಅಲ್ಲಾಡಿ ಮಬ್ಬು.

ಇಷ್ಟೆಲ್ಲ ಮಾಡಿಯೂ ಗ್ರೇನ್ ಇಳಿದದ್ದು ಸಾಲದು ಅನ್ನುವವರಿಗೆ ಫಿಲ್ಮ್ ಬದಲಿಸುವುದಕ್ಕಿಂತ ನೆಗೆಟಿವ್‌ನ ಅಳತೆ ಬದಲಿಸುವುದು ಒಳ್ಳೆಯದು. 12×16 ಪ್ರಿಂಟ್‌ಗೆ 35 ಎಂಎಂ ನೆಗೆಟಿವ್ ಸುಮಾರು 12.7 ಪಟ್ಟು ಹಿಗ್ಗಬೇಕು, 6×6 ಸೆಂ.ಮೀ. ನೆಗೆಟಿವ್‌ಗೆ ಸುಮಾರು 7.3 ಪಟ್ಟು ಸಾಕು. ನಾನು ಗೋಡೆಗೆ ಹಾಕುವ ಪ್ರಿಂಟ್ ಬೇಕಾದಾಗ ಹಳೇ 6×6 ಕ್ಯಾಮೆರಾ ಯಾಶಿಕಾ ಮ್ಯಾಟ್ ಹೊತ್ತುಕೊಂಡು ಹೋಗುತ್ತೇನೆ. ಅದರಲ್ಲೂ ಇದೇ ಡೆಲ್ಟಾ 100, ಅದೇ 11 ನಿಮಿಷ.